ಹಗ್ಗದ ಎರಡು ತುದಿ
ಘಟ್ಟದ ದಾರಿಯಲ್ಲಿ ಜೀಪು ನಡೆಸುವವರು ಅರಿತಿರಬೇಕಾದ ಕೆಲವು ಸಂಗತಿಗಳು

ಆಷಾಢದ ಮಳೆ ಒಮ್ಮೆ ಹಿಡಿಯಿತೆಂದರೆ ಮಲೆನಾಡಿನ ಮಣ್ಣುದಾರಿಗಳು ದಾರಿಗಳಾಗಿ ಉಳಿಯುವುದಿಲ್ಲ. ಮೇಲಿನ ಮಣ್ಣು ಬೆಣ್ಣೆಯಂತೆ ಜಾರುತ್ತದೆ. ಚಕ್ರ ಉರುಳಿದ ಕಡೆಯಲ್ಲೆಲ್ಲ ನೀರು ಕಾಲುವೆ ಕೊರೆದುಕೊಳ್ಳುತ್ತದೆ. ಅಂತಹ ದಿನಗಳಲ್ಲಿ ತೋಟದ ಮನೆಯಿಂದ ಡಾಂಬರು ರಸ್ತೆಯವರೆಗೆ ರೋಗಿಯನ್ನೋ ಬಸುರಿಯನ್ನೋ ಶಾಲೆಯ ಮಕ್ಕಳನ್ನೋ ಕರೆದುಕೊಂಡು ಬರಬೇಕಾದರೆ ಮಲೆನಾಡಿಗರಿಗೆ ಮೊದಲು ನೆನಪಾಗುವುದು ಜೀಪು. ಕೊಡಚಾದ್ರಿಯ ನೆತ್ತಿಯನ್ನೂ ಮಡಿಕೇರಿಯ ಬಳಿಯ ಮಾಂದಲಪಟ್ಟಿಯನ್ನೂ ನೋಡಬೇಕೆಂದು ಬರುವ ಪ್ರವಾಸಿಗಳನ್ನು ಹೊತ್ತು ಏರುವುದೂ ಈ ಜೀಪೇ. ಎಷ್ಟೋ ಸಂಸಾರಗಳ ಹೊಟ್ಟೆಪಾಡು ಅದರ ನಾಲ್ಕು ಚಕ್ರಗಳ ಮೇಲೆ ನಿಂತಿದೆ.

ಆದರೆ ನಾಲ್ಕು ಚಕ್ರಗಳಿಗೂ ಯಂತ್ರದ ಬಲವಿದೆ ಎಂದ ಮಾತ್ರಕ್ಕೆ ಗಾಡಿ ಹೂಳುವುದಿಲ್ಲ ಎಂದು ತಿಳಿಯಬಾರದು. ಹೆಚ್ಚು ದೂರ ಹೋಗಬಲ್ಲ ಗಾಡಿ ಹೆಚ್ಚು ದೂರದಲ್ಲಿ ಹೂಳುತ್ತದೆ, ಅಷ್ಟೇ. ಆಗ ಇನ್ನೊಂದು ಗಾಡಿ ಬರಬೇಕು, ಹಗ್ಗ ಹೊರಬೀಳಬೇಕು. ಅಪಾಯ ಆರಂಭವಾಗುವುದು ಆ ಗಳಿಗೆಯಲ್ಲಿ. ಕೆಸರಿನಲ್ಲಿ ಸಿಕ್ಕಿ ನಿಂತ ಗಾಡಿಯಿಂದ ಯಾರಿಗೂ ಕೇಡಿಲ್ಲ. ಅದನ್ನು ಅವಸರದಿಂದ ಎಳೆಯುವುದರಿಂದ ಕೇಡುಂಟು.

ಜೀಪಿನ ಹುಟ್ಟು

1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ಎಲ್ಲಿ ಬೇಕಾದರೂ ನುಗ್ಗಬಲ್ಲ ಒಂದು ಪುಟ್ಟ ವಾಹನ ಬೇಕಾಯಿತು. ಬ್ಯಾಂಟಮ್ ಎಂಬ ಸಣ್ಣ ಕಾರ್ಖಾನೆ 49 ದಿನಗಳ ಗಡುವಿನೊಳಗೆ ಮೊದಲ ಮಾದರಿಯನ್ನು ಕಟ್ಟಿ ಒಪ್ಪಿಸಿತು. ಆದರೆ ಯುದ್ಧಕ್ಕೆ ಬೇಕಾದ ಸಂಖ್ಯೆಯಲ್ಲಿ ತಯಾರಿಸುವ ಶಕ್ತಿ ಅದಕ್ಕಿರಲಿಲ್ಲ. ದೊಡ್ಡ ಬೇಡಿಕೆಯೆಲ್ಲ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಜೀಪಿಗೆ ಮೊದಲ ರೂಪ ಕೊಟ್ಟ ಬ್ಯಾಂಟಮ್ ಕೊನೆಗೆ ಆ ಜೀಪಿನ ಹಿಂದೆ ಎಳೆದೊಯ್ಯುವ ಕಾಲು ಟನ್ನಿನ ಟ್ರೈಲರುಗಳನ್ನು ಮಾಡುತ್ತ ಕುಳಿತದ್ದು ವಿಧಿಯ ವಿನೋದವೆನ್ನಬೇಕು.

ಸ್ವಾತಂತ್ರ್ಯ ಬಂದ ಕಾಲಕ್ಕೆ ಮಹೀಂದ್ರಾ ಸಂಸ್ಥೆ ವಿಲ್ಲೀಸ್ ಜೀಪನ್ನು ಭಾರತಕ್ಕೆ ತಂದು, ಮುಂದೆ ಇಲ್ಲಿಯೇ ಜೋಡಿಸತೊಡಗಿತು. ಯುದ್ಧಕಾಲದ ಆ ಜೀಪಿನ ಯಂತ್ರದ ಬಲ ಕೇವಲ 60 ಅಶ್ವಶಕ್ತಿ. ಇಂದಿನ ಅನೇಕ ಸಣ್ಣ ಕಾರುಗಳಿಗೂ ಅದಕ್ಕಿಂತ ಹೆಚ್ಚಿನ ಬಲವಿದೆ. ಹಾಗಿದ್ದರೂ ಕಾರು ಹೋಗಲಾರದ ಕಡೆ ಜೀಪು ಹೋಯಿತು. ಏಕೆಂದರೆ ಅದರ ಗುಣ ವೇಗದಲ್ಲಿಲ್ಲ, ನಿಧಾನವಾಗಿ ಬಿಡದೆ ಎಳೆಯುವುದರಲ್ಲಿದೆ. ಕೆಳಗೇರಿಗೆ ಹಾಕಿದಾಗ ಚಕ್ರದ ವೇಗ ಸುಮಾರು ಅರ್ಧಕ್ಕಿಳಿದು, ಎಳೆಯುವ ಬಲ ಸುಮಾರು ಎರಡರಷ್ಟಾಗುತ್ತದೆ. ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹೂತ ಗಾಡಿಯನ್ನು ಎತ್ತುವ ಕ್ರಮ

ಗಾಡಿ ಹೂತೊಡನೆ ಆಕ್ಸಿಲರೇಟರನ್ನು ತುಳಿಯುತ್ತ ಹೋಗುವುದು ಸರ್ವಸಾಧಾರಣವಾದ ತಪ್ಪು. ತಿರುಗಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಕೊನೆಗೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗಿ ಕೂರುತ್ತದೆ. ಬಲ್ಲವರು ಮೊದಲು ಯಂತ್ರವನ್ನು ನಿಲ್ಲಿಸಿ ಕೆಳಗಿಳಿಯುತ್ತಾರೆ, ಸುತ್ತ ಒಮ್ಮೆ ನೋಡುತ್ತಾರೆ, ಗುದ್ದಲಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಚಕ್ರದ ಮುಂದಿನ ಮಣ್ಣು ತೆಗೆದು, ಕಲ್ಲನ್ನೋ ಹಲಗೆಯನ್ನೋ ಕೊಟ್ಟು, ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅರ್ಧಕ್ಕರ್ಧ ಗಾಡಿಗಳು ಹಗ್ಗದ ಹಂಗಿಲ್ಲದೆ ಮೇಲೆ ಬಂದಾವು. ಆದರೆ ಇಳಿಸಿದ ಗಾಳಿಯನ್ನು ಡಾಂಬರು ರಸ್ತೆ ಸೇರುವ ಮುನ್ನ ಮತ್ತೆ ತುಂಬಿಸಬೇಕು. ಮೆತ್ತಗಿನ ಟೈರು ವೇಗದಲ್ಲಿ ಕಾದು ಸಿಡಿಯುತ್ತದೆ.

ಇಷ್ಟಾದರೂ ಗಾಡಿ ಅಲುಗದಿದ್ದರೆ ಹಗ್ಗ ಅನಿವಾರ್ಯ. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. 2000 ಕಿಲೋ ತೂಕದ ಗಾಡಿಯೊಂದು ಗಂಟೆಗೆ 10 ಕಿಲೋಮೀಟರು ವೇಗದಲ್ಲಿ ಹೋಗಿ ಹಗ್ಗವನ್ನು ಜಗ್ಗಿತೆಂದು ಇಟ್ಟುಕೊಳ್ಳೋಣ. ಆ ಜಗ್ಗಿನಲ್ಲಿರುವ ಶಕ್ತಿ, 50 ಕಿಲೋ ಅಕ್ಕಿಯ ಮೂಟೆಯನ್ನು 15 ಮೀಟರಿಗಿಂತ ಎತ್ತರದಿಂದ ಕೆಡವಿದಾಗಿನ ಹೊಡೆತಕ್ಕೆ ಸಮ. ಹಗ್ಗವೋ ಅದನ್ನು ಸಿಕ್ಕಿಸಿದ ಕೊಕ್ಕೆಯೋ ಕಿತ್ತುಬಂದರೆ ಆ ಶಕ್ತಿಯ ಬಹುಪಾಲು ಒಂದು ತುಂಡು ಕಬ್ಬಿಣದ ಬೆನ್ನೇರಿ ಯಾರ ಕಡೆಗಾದರೂ ಹಾರುತ್ತದೆ. ವೇಗವನ್ನು ಎರಡರಷ್ಟು ಮಾಡಿದರೆ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ಮರೆಯಬಾರದು.

ಆದಕಾರಣ ಎಳೆಯುವ ಸಾಧನಗಳ ಭೇದವನ್ನು ತಿಳಿದಿರಬೇಕು. ಕಬ್ಬಿಣದ ಸರಪಳಿ ಮತ್ತು ಉಕ್ಕಿನ ತಂತಿಹಗ್ಗ ಹಿಗ್ಗುವುದಿಲ್ಲ. ಅವುಗಳನ್ನು ಮೊದಲೇ ಬಿಗಿಯಾಗಿಸಿ ಮೆಲ್ಲಮೆಲ್ಲನೆ ಎಳೆಯಬೇಕಲ್ಲದೆ ಓಡಿಬಂದು ಜಗ್ಗಬಾರದು. ಓಡಿಬಂದು ಜಗ್ಗುವುದಕ್ಕೆಂದೇ ಹಿಗ್ಗುವ ನೈಲಾನ್ ಪಟ್ಟಿಗಳಿವೆ. ಅವು ರಬ್ಬರಿನಂತೆ ಹಿಗ್ಗಿ ಹೊಡೆತವನ್ನು ನುಂಗಿಕೊಂಡು, ಹೂತ ಗಾಡಿಯನ್ನು ಮೆತ್ತಗೆ ಮೇಲೆ ತರುತ್ತವೆ. ನೋಡಲು ಹಾಗೆಯೇ ಕಾಣುವ ಪಾಲಿಯೆಸ್ಟರ್ ಪಟ್ಟಿಗೆ ಈ ಗುಣ ಬಹಳ ಕಡಮೆ. ಕೊಳ್ಳುವಾಗ ಕೇಳಿ ತಿಳಿಯುವುದು ಕ್ಷೇಮ.

ಹಗ್ಗಕ್ಕಿಂತಲೂ ಮುಖ್ಯವಾದದ್ದು ಅದನ್ನು ಎಲ್ಲಿಗೆ ಕಟ್ಟುತ್ತಾರೆ ಎಂಬುದು. ಬಂಪರು, ಸ್ಟೀರಿಂಗಿನ ಕಂಬಿ, ಸ್ಪ್ರಿಂಗು ಇವು ಯಾವುವೂ ಕಟ್ಟುವ ಜಾಗಗಳಲ್ಲ. ಚಾಸಿಗೆ ಭದ್ರವಾಗಿ ಕೂಡಿಸಿದ ಕೊಕ್ಕೆಗೇ ಕಟ್ಟಬೇಕು. ಟ್ರೈಲರ್ ಸಿಕ್ಕಿಸಲು ಹಿಂದೆ ಇರುವ ಉಕ್ಕಿನ ಗುಂಡಿಗೆ ಪಟ್ಟಿಯನ್ನು ಸಿಕ್ಕಿಸಿ ಹೂತ ಗಾಡಿಯನ್ನು ಜಗ್ಗುವುದು ಎಲ್ಲಕ್ಕಿಂತ ಘೋರವಾದ ತಪ್ಪು. ಉರುಳುವ ಟ್ರೈಲರಿನ ಭಾರಕ್ಕೆ ಮಾಡಿದ ಆ ಗುಂಡು ಜಗ್ಗಿನ ಹೊಡೆತಕ್ಕೆ ಕುತ್ತಿಗೆಯಲ್ಲಿ ಮುರಿದು ಫಿರಂಗಿಯ ಗುಂಡಿನಂತೆ ಹಾರುತ್ತದೆ. ಹೊರದೇಶಗಳಲ್ಲಿ ಹೀಗೆ ಹಾರಿದ ಗುಂಡು ಹಿಂದಿನ ಗಾಡಿಯ ಗಾಜನ್ನು ಸೀಳಿ ಚಾಲಕನ ಪ್ರಾಣ ತೆಗೆದ ಪ್ರಸಂಗಗಳು ನಡೆದಿವೆ.

ಹಗ್ಗವನ್ನು ಜೋಡಿಸುವ ಶ್ಯಾಕಲ್ಲಿನ ಮೇಲೆ ಅದು ತಡೆಯುವ ಭಾರವನ್ನು ಅಚ್ಚೊತ್ತಿರುತ್ತಾರೆ. ಮುಕ್ಕಾಲು ಅಂಗುಲದ ಬಿಲ್ಲಿನಾಕಾರದ ಶ್ಯಾಕಲ್ಲಿಗೆ ಸಾಮಾನ್ಯವಾಗಿ 4.75 ಟನ್ನು. ಅಚ್ಚಿಲ್ಲದ್ದು ಎಷ್ಟೇ ದಪ್ಪವಾಗಿ ಕಂಡರೂ ಅದನ್ನು ನಂಬಬಾರದು. ಕೊನೆಯದಾಗಿ, ಬಿಗಿದ ತಂತಿಹಗ್ಗದ ನಡುವೆ ಒದ್ದೆ ಗೋಣಿಚೀಲವನ್ನೋ ದಪ್ಪ ಕಂಬಳಿಯನ್ನೋ ಹೊದಿಸಬೇಕು. ಹಗ್ಗ ಹರಿದರೆ ಆ ಭಾರ ಅದನ್ನು ನೆಲಕ್ಕೆ ಕೆಡಹುತ್ತದೆ. ನೋಡಲು ನೆರೆದ ಜನ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿರಬೇಕು. ಬಿಗಿದ ಹಗ್ಗವನ್ನು ಯಾರೂ ದಾಟಕೂಡದು. ಸನ್ನೆ ಮಾಡುವವನು ಒಬ್ಬನೇ ಇರಬೇಕು. ಹತ್ತು ಜನ ಹತ್ತು ದಿಕ್ಕಿನಿಂದ ಕೂಗಿದರೆ ಚಾಲಕನಿಗೆ ಯಾವ ಮಾತೂ ಕೇಳಿಸದು.

ಕೆಟ್ಟ ಗಾಡಿಯ ಹಿಂದೆ

ಹೂತ ಗಾಡಿಯನ್ನು ಎತ್ತುವುದು ಒಂದು ವಿದ್ಯೆ. ಯಂತ್ರ ಕೆಟ್ಟ ಗಾಡಿಯನ್ನು ರಸ್ತೆಯ ಮೇಲೆ ಎಳೆದೊಯ್ಯುವುದು ಇನ್ನೊಂದು. ಯಂತ್ರ ನಿಂತ ಮೇಲೆ ಬ್ರೇಕಿಗೂ ಸ್ಟೀರಿಂಗಿಗೂ ಯಂತ್ರದ ನೆರವಿರುವುದಿಲ್ಲ. ಬ್ರೇಕನ್ನು ಕಾಲಿನ ಬಲವೆಲ್ಲ ಹಾಕಿ ತುಳಿಯಬೇಕಾಗುತ್ತದೆ. ಕೀಲಿಯನ್ನು ತೆಗೆದುಬಿಟ್ಟರೆ ಸ್ಟೀರಿಂಗು ಬೀಗ ಹಾಕಿಕೊಂಡು, ಮೊದಲ ತಿರುವಿನಲ್ಲಿಯೇ ಗಾಡಿ ಕಂದಕದ ದಾರಿ ಹಿಡಿಯುತ್ತದೆ. ಆದ್ದರಿಂದ ಹಿಂದಿನ ಗಾಡಿಯಲ್ಲಿ ಕುಳಿತವನು ಸುಮ್ಮನೆ ಕುಳಿತವನಾಗಿರದೆ ಪಳಗಿದ ಚಾಲಕನೇ ಆಗಿರಬೇಕು. ಹಗ್ಗವನ್ನು ಸದಾ ಬಿಗಿಯಾಗಿಡುವ ಹೊಣೆ, ಅಂದರೆ ಬ್ರೇಕು ಹಿಡಿಯುವ ಹೊಣೆ, ಬಹುಮಟ್ಟಿಗೆ ಅವನದೇ.

1989ರ ರಸ್ತೆ ನಿಯಮಾವಳಿ ಈ ವಿಷಯವನ್ನು ಸ್ಪಷ್ಟವಾಗಿ ಹೇಳಿತ್ತು: ಎರಡು ಗಾಡಿಗಳ ನಡುವೆ ಅಂತರ 5 ಮೀಟರಿಗಿಂತ ಹೆಚ್ಚಿರಬಾರದು, ವೇಗ ಗಂಟೆಗೆ 24 ಕಿಲೋಮೀಟರನ್ನು ಮೀರಬಾರದು, ಹಗ್ಗ ಎಲ್ಲರಿಗೂ ಕಾಣುವಂತಿರಬೇಕು, ಎಳೆಯಲಾಗುತ್ತಿದೆ ಎಂಬ ಬರೆಹ ಹಿಂದಿನ ಗಾಡಿಯ ಬೆನ್ನ ಮೇಲಿರಬೇಕು. 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದವು. ಆದರೆ ಹಳೆಯ ನಿಯಮದ ಹಿಂದಿದ್ದ ವಿವೇಕ ಹಳೆಯದಾಗಿಲ್ಲ. ಘಟ್ಟದ ಇಳಿಜಾರಿನಲ್ಲಂತೂ ಹಗ್ಗಕ್ಕಿಂತ ಗಟ್ಟಿಯಾದ ಕಬ್ಬಿಣದ ದಂಡವೇ ಲೇಸು. ಹಗ್ಗ ಎಳೆಯಬಲ್ಲುದೇ ಹೊರತು ಹಿಂದಿನಿಂದ ನುಗ್ಗಿಬರುವ ಗಾಡಿಯನ್ನು ತಡೆಯಲಾರದು.

ಟ್ರೈಲರಿನ ಸಂಗತಿಯೂ ಹೀಗೆಯೇ. ಭಾರವನ್ನು ಹಿಂದಕ್ಕೆ ಹೇರಿದರೆ ಅದು ನಾಯಿಯ ಬಾಲದಂತೆ ಅಲ್ಲಾಡುತ್ತ, ಮುಂದಿನ ಗಾಡಿಯನ್ನೂ ಅಲ್ಲಾಡಿಸುತ್ತದೆ. ಒಟ್ಟು ತೂಕದ ಸುಮಾರು ಹತ್ತರಲ್ಲೊಂದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳುವಂತೆ ಹೇರಬೇಕು. ಅಲ್ಲಾಟ ಆರಂಭವಾದರೆ ಗಾಬರಿಯಿಂದ ಬ್ರೇಕನ್ನು ತುಳಿಯದೆ, ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಬೇಕು.

ದಾರಿಯ ಮರ್ಯಾದೆ

ಎದುರು ಬಂದವರಿಗೆ ದಾರಿ ಬಿಡುವುದು ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಕಾಲದಿಂದ ಬಂದ ಸಂಪ್ರದಾಯ. ಮೋಟಾರಿನ ಕಾನೂನು ಅದನ್ನೇ ಘಟ್ಟದ ರಸ್ತೆಗೆ ಅನ್ವಯಿಸಿದೆ: ಎರಡು ಗಾಡಿಗಳಿಗೆ ಎಡೆಯಿಲ್ಲದ ಏರುದಾರಿಯಲ್ಲಿ ಇಳಿಯುವವನು ನಿಂತು ಏರುವವನಿಗೆ ದಾರಿ ಕೊಡಬೇಕು. ಕಾರಣ ಸರಳವಾದದ್ದು. ಭಾರ ಹೊತ್ತು ಏರುತ್ತಿರುವ ಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಹಿಂದಕ್ಕೆ ಜಾರಿದರೆ ಕಂದಕ. ಇಳಿಯುವವನಿಗೆ ಆ ತೊಂದರೆಯಿಲ್ಲ. ಆದರೂ ಏರಿ ಬರುವ ಬಸ್ಸಿನ ಮುಂದೆ ದೀಪ ಮಿನುಗಿಸಿ ನುಗ್ಗುವ ಹೊಸ ಗಾಡಿಗಳನ್ನು ರಜೆಯ ದಿನಗಳಲ್ಲಿ ಯಾವ ಘಟ್ಟದಲ್ಲಿಯಾದರೂ ಕಾಣಬಹುದು.

ಇಳಿಯುವಾಗ ಯಾವ ಗೇರು? ಏರುವುದಕ್ಕೆ ಬೇಕಾಗುತ್ತಿದ್ದ ಗೇರೇ ಇಳಿಯುವುದಕ್ಕೂ ಎಂಬ ಹಳೆಯ ಚಾಲಕರ ಮಾತು ಇಂದಿಗೂ ಸತ್ಯ. ಸತತವಾಗಿ ಬ್ರೇಕು ಹಿಡಿದೇ ಇಳಿದರೆ ಬ್ರೇಕು ಕಾದು, ಬೇಕಾದ ತಿರುವಿನಲ್ಲಿ ಕೈಕೊಡುತ್ತದೆ. ನ್ಯೂಟ್ರಲ್ ಮಾಡಿ ಉರುಳಿಬಿಟ್ಟು ಎಣ್ಣೆ ಉಳಿಸುವವನು ಪ್ರಾಣವನ್ನು ಒತ್ತೆಯಿಟ್ಟು ಬಿಡಿಗಾಸು ಉಳಿಸುತ್ತಾನೆ.

ನಾಲ್ಕಾರು ಜೀಪುಗಳು ಸಾಲಾಗಿ ಹೊರಟಾಗ ಇನ್ನೊಂದು ಮರ್ಯಾದೆಯಿದೆ. ಪ್ರತಿಯೊಬ್ಬ ಚಾಲಕನೂ ತನ್ನ ಹಿಂದಿನವನು ಕಾಣುತ್ತಿದ್ದಾನೆಯೇ ಎಂದು ನೋಡಿಕೊಳ್ಳಬೇಕು. ಕವಲುದಾರಿಯಲ್ಲಿ ಅವನು ಬರುವವರೆಗೆ ನಿಲ್ಲಬೇಕು. ಆದರೆ ಸಾಲನ್ನು ರೈಲಿನಂತೆ ಒತ್ತಾಗಿ ಕಟ್ಟಿ ಬೇರೆಯವರಿಗೆ ದಾರಿಯಿಲ್ಲದಂತೆ ಮಾಡಬಾರದು. ಕೆಸರು ನೀರಿನ ಬಳಿ ನಡೆದು ಹೋಗುವವರಿದ್ದರೆ ವೇಗ ತಗ್ಗಿಸಬೇಕು. ಬೆಟ್ಟದ ನೆತ್ತಿಯ ಹುಲ್ಲುಗಾವಲಿಗೆ ಚಕ್ರ ಇಳಿಸಕೂಡದು. ಮಳೆಗಾಲದಲ್ಲಿ ಅಲ್ಲಿ ಬಿದ್ದ ಒಂದು ಚಕ್ರದ ಗುರುತು ನೀರಿನ ಹಾದಿಯಾಗಿ, ಮಣ್ಣನ್ನು ತೊಳೆದು, ಕೊನೆಗೆ ಕೊರಕಲಾಗುತ್ತದೆ. ಆ ಹುಲ್ಲು ಹಿಡಿದಿಟ್ಟ ನೀರೇ ಕೆಳಗಿನ ಊರುಗಳ ಬೇಸಗೆಯ ಹಳ್ಳ.

ಅಲಂಕಾರವೋ ಆಪತ್ತೋ?

ಇತ್ತೀಚಿನ ವರ್ಷಗಳಲ್ಲಿ ಜೀಪನ್ನು ಎತ್ತರಿಸಿ, ದೊಡ್ಡ ಟೈರು ತೊಡಿಸಿ, ಮುಂದೆ ಕಬ್ಬಿಣದ ಕಟಾಂಜನ ಕಟ್ಟಿ, ನೆತ್ತಿಯ ಮೇಲೆ ದೀಪಗಳ ಸಾಲು ಹೂಡುವ ಷೋಕಿ ಬೆಳೆದಿದೆ. ಇದರಲ್ಲಿ ಉಪಯೋಗವೇ ಇಲ್ಲವೆಂದಲ್ಲ. ತೋಡು ದಾಟುವ ಗಾಡಿಗೆ ನೆಲದಿಂದ ಎತ್ತರ ಬೇಕು. ಆದರೆ ಪ್ರತಿಯೊಂದು ಲಾಭಕ್ಕೂ ಒಂದು ತೆರಿಗೆಯಿದೆ.

ಚಕ್ರಗಳ ನಡುವಣ ಅಗಲ 1.30 ಮೀಟರು, ಭಾರದ ಕೇಂದ್ರ ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿರುವ ಗಾಡಿಯೊಂದನ್ನು ಊಹಿಸಿಕೊಳ್ಳೋಣ. ಸ್ಪ್ರಿಂಗಿನ ಬಾಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು 45 ಡಿಗ್ರಿ ಓರೆಯಾಗುವವರೆಗೆ ಮಗುಚುವುದಿಲ್ಲ. ಭಾರದ ಕೇಂದ್ರವನ್ನು 10 ಸೆಂಟಿಮೀಟರು ಮೇಲೆತ್ತಿದರೆ 41 ಡಿಗ್ರಿಗೇ ಮಗುಚುತ್ತದೆ. ಮಾವಿನಹಳ್ಳದ ಓರೆಯಲ್ಲಿ ಮಾತ್ರವಲ್ಲ, ರಾಜಮಾರ್ಗದಲ್ಲಿ ಥಟ್ಟನೆ ಸ್ಟೀರಿಂಗು ತಿರುಗಿಸಿದಾಗಲೂ ಈ ವ್ಯತ್ಯಾಸ ಸಾವುಬದುಕಿನದಾಗಬಹುದು.

ಟೈರಿನ ಲೆಕ್ಕವೂ ಇದೆ. 28 ಅಂಗುಲದ ಟೈರಿದ್ದಲ್ಲಿ 31 ಅಂಗುಲದ್ದನ್ನು ಹಾಕಿದರೆ, ವೇಗದ ಮುಳ್ಳು 60 ತೋರಿಸುವಾಗ ಗಾಡಿ ನಿಜವಾಗಿ 66ರಲ್ಲಿ ಓಡುತ್ತಿರುತ್ತದೆ. ಚಕ್ರ ಭಾರವಾದದ್ದರಿಂದ ಬ್ರೇಕಿಗೆ ಕೆಲಸ ಹೆಚ್ಚು. ಎಳೆಯುವ ಬಲ ಮಾತ್ರ ಕಡಮೆ. ಬಲ ಹೆಚ್ಚಲೆಂದು ದೊಡ್ಡ ಟೈರು ಹಾಕಿದವನು ಬಲವನ್ನೇ ಕಳೆದುಕೊಂಡಂತಾಯಿತು!

ಮುಂದಿನ ಕಬ್ಬಿಣದ ಕಟಾಂಜನ, ಅಂದರೆ ಬುಲ್ ಬಾರ್, ಗಾಡಿಗೆ ರಕ್ಷೆಯೆಂದು ಹಲವರು ನಂಬಿದ್ದಾರೆ. ಗಾಡಿಯ ಮುಂಭಾಗ ನಜ್ಜುಗುಜ್ಜಾಗುವುದೇ ಒಳಗಿನವರ ರಕ್ಷೆ. ಹೊಡೆತವನ್ನು ಅದು ನುಂಗುತ್ತದೆ. ಕಟಾಂಜನ ಆ ಹೊಡೆತವನ್ನು ನೇರವಾಗಿ ಚಾಸಿಗೆ ಮುಟ್ಟಿಸಿ, ಗಾಳಿಚೀಲಗಳು ಸಕಾಲಕ್ಕೆ ತೆರೆಯದಂತೆ ಮಾಡಬಹುದು. ದಾರಿಹೋಕನಿಗೆ ತಗಲಿದರಂತೂ ಕೇಳುವುದೇ ಬೇಡ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು.

ಕಾನೂನು ಇನ್ನೂ ಬಿಗಿಯಾಗಿದೆ. ತಯಾರಕರು ನಿರ್ದಿಷ್ಟಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದೇ ವರ್ಷ ಮೋಟಾರು ವಾಹನ ಕಾಯಿದೆಗೆ ಬಂದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5000 ರೂಪಾಯಿ ದಂಡವನ್ನು, ಇಲ್ಲವೆ 6 ತಿಂಗಳವರೆಗಿನ ಸೆರೆವಾಸವನ್ನು, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕಾಗಬಹುದು. ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಮೇಲೆ ಮರುಗುವುದಕ್ಕಿಂತ, ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಜಾಣತನ.

ಹಾಗಾದರೆ ಹಣವನ್ನು ಯಾವುದಕ್ಕೆ ಹಾಕಬೇಕು? ಒಳ್ಳೆಯ ಟೈರಿಗೆ, ಸರಿಯಾದ ಬ್ರೇಕಿಗೆ, ಎಲ್ಲ ಆಸನಗಳ ಬೆಲ್ಟಿಗೆ, ಚಾಸಿಗೆ ಕೂಡಿಸಿದ ನಂಬುಗೆಯ ಕೊಕ್ಕೆಗೆ. ಒಂದು ಗುದ್ದಲಿ, ಒಂದು ನೈಲಾನ್ ಪಟ್ಟಿ, ಅಚ್ಚಿರುವ ಎರಡು ಶ್ಯಾಕಲ್ಲು, ಗಾಳಿ ತುಂಬುವ ಒಂದು ಪಂಪಿಗೆ. ಇವು ಯಾವುವೂ ಪೇಟೆಬೀದಿಯಲ್ಲಿ ಯಾರ ಕಣ್ಣನ್ನೂ ಸೆಳೆಯುವುದಿಲ್ಲ. ಆದರೆ ಸುರಿಯುವ ಮಳೆಯಲ್ಲಿ, ರಾತ್ರಿ ಹನ್ನೊಂದು ಗಂಟೆಗೆ, ರೋಗಿಯೊಬ್ಬನನ್ನು ಹಿಂದೆ ಮಲಗಿಸಿಕೊಂಡು ಬರುತ್ತಿರುವ ಗಾಡಿ ತೋಟದ ತಿರುವಿನಲ್ಲಿ ಹೂತಾಗ ಬೇಕಾಗುವುದು ಇವೇ. ಆಗ ಹಗ್ಗದ ಒಂದು ತುದಿಯಲ್ಲಿ ಗಾಡಿಯಿರುತ್ತದೆ, ಇನ್ನೊಂದು ತುದಿಯಲ್ಲಿಯೂ ಗಾಡಿಯಿರುತ್ತದೆ; ಎರಡರೊಳಗೂ ಮನೆಯಲ್ಲಿ ಯಾರೋ ಕಾಯುತ್ತಿರುವ ಮನುಷ್ಯರಿರುತ್ತಾರೆ. ಹಗ್ಗ ಕಟ್ಟುವವನು ಅವಸರಪಡದೆ, ಗಂಟನ್ನು ಮತ್ತೊಮ್ಮೆ ನೋಡಿ, ಜನರನ್ನು ದೂರ ಸರಿಸಿ, ಆಮೇಲೆ ಕೈಸನ್ನೆ ಮಾಡಿದರೆ ಸಾಕು.