ಕದಿರು, ಕುರಿಮರಿ ಮತ್ತು ಯಾಜಕ

ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್‌ನ ತಪ್ಪಲಲ್ಲಿರುವ ಕಕ್ಕಬೆಯ ಮಾತಿಗೆ ಇಡೀ ಜಿಲ್ಲೆ ವರ್ಷಕ್ಕೊಮ್ಮೆ ಕಾದು ಕೂರುತ್ತದೆ. ಹುತ್ತರಿ ಯಾವ ದಿನ, ನೆರೆ ಕಟ್ಟುವುದು ಎಷ್ಟು ಹೊತ್ತಿಗೆ, ಕದಿರು ಕೊಯ್ಯುವ ಗಳಿಗೆ ಯಾವುದು ಎಂಬುದೆಲ್ಲ ನಿಶ್ಚಯವಾಗುವುದು ಇಲ್ಲಿನ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ಅಮ್ಮಂಗೇರಿಯ ಜ್ಯೋತಿಷಿಗಳು ನಕ್ಷತ್ರ, ಹುಣ್ಣಿಮೆಗಳನ್ನು ನೋಡಿ ಲೆಕ್ಕ ಹೇಳುತ್ತಾರೆ, ತಕ್ಕಮುಖ್ಯಸ್ಥರು ಒಪ್ಪಿ ನಾಡಿಗೆ ಸಾರುತ್ತಾರೆ. ಮೊದಲ ಕದಿರು ಮಳೆ ಬೆಳೆಯ ಒಡೆಯನಾದ ಇಗ್ಗುತ್ತಪ್ಪನಿಗೆ. ಅದಾದ ಮೇಲೆ ಉಳಿದವರ ಗದ್ದೆಗಳಲ್ಲಿ ಗುಂಡು ಹಾರುತ್ತದೆ, ‘ಪೊಲಿ ಪೊಲಿ ದೇವಾ’ ಎಂಬ ಕೂಗು ಏಳುತ್ತದೆ, ತೆನೆ ಮನೆಯೊಳಗೆ ಬರುತ್ತದೆ. ಕೊಡವ ಭಾಷೆಯಲ್ಲಿ ಹಬ್ಬದ ಹೆಸರು ಪುತ್ತರಿ, ಅಂದರೆ ಹೊಸ ಅಕ್ಕಿ. ಆ ರಾತ್ರಿಯವರೆಗೆ ಹೊಸ ಅಕ್ಕಿಯನ್ನು ಬಾಯಿಗಿಡುವಂತಿಲ್ಲ.

ಬೈಬಲಿನ ಮೂರನೆಯ ಪುಸ್ತಕ ‘ಯಾಜಕಕಾಂಡ’. ಅದರ 23ನೇ ಅಧ್ಯಾಯವನ್ನು ಹುತ್ತರಿ ಕಂಡವರು ಓದಿದರೆ ಗುರುತಿನವರ ಮನೆಗೆ ಬಂದಂತಾಗುತ್ತದೆ. ಸುಗ್ಗಿಯ ಮೊದಲ ಸಿವುಡನ್ನು ಯಾಜಕನ ಬಳಿಗೆ ತರಬೇಕು, ಅವನು ಅದನ್ನು ದೇವರ ಮುಂದೆ ನಿವಾಳಿಸಬೇಕು, ಅಲ್ಲಿಯವರೆಗೆ ಹೊಸ ಬೆಳೆಯ ರೊಟ್ಟಿಯನ್ನಾಗಲಿ ಹುರಿದ ಕಾಳನ್ನಾಗಲಿ ಹಸಿ ತೆನೆಯನ್ನಾಗಲಿ ಯಾರೂ ತಿನ್ನಬಾರದು ಎಂಬುದು ಅಲ್ಲಿನ ಕಟ್ಟಳೆ. ಅಲ್ಲಿನದು ಜವೆಗೋಧಿ, ಇಲ್ಲಿನದು ಭತ್ತ. ಅಲ್ಲಿ ವಸಂತಕಾಲ, ಇಲ್ಲಿ ನವೆಂಬರ್ ಕೊನೆ ಅಥವಾ ಡಿಸೆಂಬರ್. ಎರಡಕ್ಕೂ ಚಾರಿತ್ರಿಕ ನಂಟು ಹುಡುಕಲು ಹೊರಡುವುದು ವ್ಯರ್ಥ. ಬೆಳೆದವನೇ ಬೆಳೆಯ ಒಡೆಯನಲ್ಲ ಎಂಬ ಅರಿವು ಮಳೆ ನೋಡಿ ಬದುಕುವ ಯಾವ ಜನರಿಗೂ ಬರಬಹುದಾದದ್ದೇ.

ಆದರೂ ಕ್ರೈಸ್ತರಲ್ಲಿ ಈ ಕಾಂಡವನ್ನು ಮನಸ್ಸಿಟ್ಟು ಓದುವವರು ಕಡಿಮೆ. ಆದಿಕಾಂಡದ ಕಥೆಗಳು ಓದಿಸಿಕೊಂಡು ಹೋಗುತ್ತವೆ, ವಿಮೋಚನಕಾಂಡದ ಅರ್ಧದವರೆಗೂ ತೊಂದರೆಯಿಲ್ಲ. ಅಲ್ಲಿಂದ ಮುಂದೆ ಕೊಬ್ಬು, ಮೂತ್ರಪಿಂಡ, ರಕ್ತ ಚಿಮುಕಿಸುವ ವಿಧಿ, ಕುಷ್ಠದ ಲಕ್ಷಣ! ‘ಅದೆಲ್ಲ ಹಳೆಯದು, ಯೇಸು ಬಂದ ಮೇಲೆ ಮುಗಿಯಿತು’ ಎಂದು ಪುಟ ಮಗುಚುವುದೇ ರೂಢಿ. ಹೀಗೆ ಮಗುಚಿದವರಿಗೆ ಹೊಸ ಒಡಂಬಡಿಕೆಯ ಅರ್ಧ ಮಾತು ಅರ್ಥವಾಗದೆ ಉಳಿಯುತ್ತದೆ. ಕುರಿಮರಿ, ರಕ್ತ, ತೆರೆ, ಮಹಾಯಾಜಕ, ಪ್ರಥಮಫಲ ಎಂಬ ಮಾತುಗಳೆಲ್ಲ ಬಂದದ್ದು ಅಲ್ಲಿಂದಲೇ.

ಕನ್ನಡದ ಓದುಗರಿಗೆ ಇನ್ನೊಂದು ತೊಡಕೂ ಇದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬೈಬಲನ್ನು ಕನ್ನಡಕ್ಕೆ ತಂದರು. ಅದನ್ನು ಮುಂದಿನವರು ತಿದ್ದಿದರು. ಹೀಗೆ ಬೆಳೆದುಬಂದ ಅನುವಾದಗಳಲ್ಲಿ ಇಸ್ರಾಯೇಲರ ಅರ್ಪಣೆಗಳಿಗೆ ನೆಲೆನಿಂತ ಹೆಸರುಗಳು ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕ ಯಜ್ಞ, ಪ್ರಾಯಶ್ಚಿತ್ತಯಜ್ಞ ಎಂಬಂಥವು. ಹೋಮ, ಯಜ್ಞ ಎಂದೊಡನೆ ಕಣ್ಣಿಗೆ ಬರುವುದು ಸಮಿತ್ತು, ತುಪ್ಪ, ಮಂತ್ರ. ಆದರೆ ಅಲ್ಲಿ ನಡೆಯುತ್ತಿದ್ದದ್ದು ಹೊರನೋಟಕ್ಕೆ ಬಯಲುಸೀಮೆಯ ಮಾರಿಹಬ್ಬಕ್ಕೇ ಹತ್ತಿರ. ಶಾಸ್ತ್ರದ ಮಾತು, ಊರಹಬ್ಬದ ಕೆಲಸ! ಹೀಬ್ರೂ ಭಾಷೆಯಲ್ಲಿ ಅರ್ಪಣೆಗೆ ಇರುವ ಸಾಮಾನ್ಯ ಪದ ‘ಕೊರ್ಬಾನ್’. ‘ಹತ್ತಿರ ಬರು’ ಎಂಬ ಧಾತುವಿನಿಂದ ಹುಟ್ಟಿದ್ದು. ಕೊಲ್ಲುವುದು ಎಂಬ ಅರ್ಥ ಅದರೊಳಗೆ ಇಲ್ಲ.

ಈ ಪದವನ್ನು ಹಿಡಿದು ನೋಡಿದರೆ ವಿಧಿಗಳ ತರ್ಕ ತಿಳಿಯುತ್ತದೆ. ಸರ್ವಾಂಗಹೋಮದಲ್ಲಿ ಪಶು ಪೂರ್ತಿ ಬೆಂಕಿಗೆ. ಸಮಾಧಾನಯಜ್ಞದಲ್ಲಿ ಕೊಬ್ಬು ಮಾತ್ರ ವೇದಿಗೆ, ಎದೆಯ ಭಾಗವೂ ಬಲತೊಡೆಯೂ ಯಾಜಕನಿಗೆ, ಮಿಕ್ಕಿದ್ದು ತಂದವನ ಮನೆಯವರಿಗೆ. ಒಂದೆರಡು ದಿನದೊಳಗೆ ತಿಂದು ಮುಗಿಸಬೇಕು, ಕೂಡಿಡುವಂತಿಲ್ಲ. ಅಂದಮೇಲೆ ನೆಂಟರಿಷ್ಟರನ್ನು ಕರೆಯದೆ ವಿಧಿಯಿಲ್ಲ. ಇದು ಸಿಟ್ಟಿಗೆದ್ದ ದೇವರಿಗೆ ಕೊಟ್ಟ ಲಂಚವಲ್ಲ, ದೇವರೊಡನೆ ಕೂತು ಉಂಡ ಊಟ.

ಪಾಪದ ಪರಿಹಾರಕ್ಕೆ ತರುವ ಪಶುವಿನ ತಲೆಯ ಮೇಲೆ ತಂದವನೇ ಕೈಯಿಡಬೇಕು, ಅವನೇ ಅದನ್ನು ಕೊಯ್ಯಬೇಕು. ಯಾಜಕನ ಕೆಲಸ ಶುರುವಾಗುವುದು ರಕ್ತ ಹರಿದ ಮೇಲೆ. ತನ್ನ ತಪ್ಪಿಗೆ ಜೀವವೊಂದು ಹೋಗುವುದನ್ನು ಮನುಷ್ಯ ಕೈಯಾರೆ ಮಾಡಿ ಕಣ್ಣಾರೆ ಕಾಣುತ್ತಿದ್ದ. ರಕ್ತವೆಂದರೆ ಜೀವ, ಜೀವ ದೇವರದು, ಆದ್ದರಿಂದ ಅದನ್ನು ಯಾರೂ ಉಣ್ಣಕೂಡದು.

ಇಷ್ಟನ್ನು ಓದಿ ರಕ್ತವಿಲ್ಲದೆ ಕ್ಷಮೆಯೇ ಇಲ್ಲ ಎಂದುಕೊಳ್ಳುವವರು ಐದನೆಯ ಅಧ್ಯಾಯವನ್ನು ನೋಡಬೇಕು. ಕುರಿ ತರಲಾಗದವನು ಎರಡು ಬೆಳವಕ್ಕಿಯನ್ನೋ ಪಾರಿವಾಳದ ಮರಿಗಳನ್ನೋ ತರಬಹುದು. ಅದೂ ಆಗದ ಬಡವ ಒಂದಿಷ್ಟು ಹಿಟ್ಟು ತಂದರೆ ಸಾಕು. ಅವನಿಗೂ ಅದೇ ಕ್ಷಮೆ. ಯೇಸು ಹುಟ್ಟಿದಾಗ ಮರಿಯಳೂ ಯೋಸೇಫನೂ ಹಕ್ಕಿಗಳನ್ನು ಅರ್ಪಿಸುವ ವಿಧಿಯಂತೆ ನಡೆದರು ಎಂದು ಲೂಕನು ಬರೆಯುತ್ತಾನೆ. ಬಾಣಂತಿಯ ಶುದ್ಧಿಗೆ ಕುರಿಮರಿ ತರಲಾಗದವರಿಗೆ ಇದ್ದ ವಿಧಿ ಅದು. ಆ ಮನೆಯ ಬಡತನ ಒಂದೇ ಸಾಲಿನಲ್ಲಿ ಬಯಲಾಗುತ್ತದೆ. ಯಾಜಕಕಾಂಡ ಓದದವರಿಗೆ ಅದು ಬರೀ ಹಕ್ಕಿಯ ಲೆಕ್ಕ.

ಯಾಜಕತ್ವ ವಂಶಪಾರಂಪರ್ಯ. ಆರೋನನ ಮಕ್ಕಳು ಯಾಜಕರು, ಲೇವಿ ಕುಲದ ಉಳಿದವರು ಅವರ ಸಹಾಯಕರು. ಕಕ್ಕಬೆಯಲ್ಲಿ ದೇವತಕ್ಕತನ ಮನೆತನದಿಂದ ಬರುವುದನ್ನು ಬಲ್ಲವರಿಗೆ ಇದು ಹೊಸತಲ್ಲ. ಆದರೆ ಒಂದು ವ್ಯತ್ಯಾಸ ದೊಡ್ಡದು. ಕೊಡಗಿನ ತಕ್ಕರು ಭೂಮಿ ಕಾಣಿ ಇರುವ ಮನೆತನದವರು, ಪೂಜೆ ಮಾಡುವ ಅರ್ಚಕರು ಬೇರೆ. ಲೇವಿಯರಿಗೋ ನಾಡು ಹಂಚುವಾಗ ಪಾಲಿನ ಭೂಮಿಯೇ ಸಿಗಲಿಲ್ಲ. ಜನ ಕೊಡುವ ದಶಮಾಂಶ, ವೇದಿಯಿಂದ ಬರುವ ಪಾಲು, ವಾಸಕ್ಕೆ ಬಿಟ್ಟುಕೊಟ್ಟ ಕೆಲವು ಊರುಗಳು, ಇಷ್ಟೇ ಅವರ ಆಸ್ತಿ. ದೇವರ ಹತ್ತಿರ ನಿಲ್ಲುವವನಿಗೆ ನೆಲದ ಬಲ ಇರಬಾರದು ಎಂಬುದು ಏರ್ಪಾಡಿನ ಹಿಂದಿನ ಯೋಚನೆಯಿರಬೇಕು. ಮುಂದೆ ಜೆರುಸಲೇಮಿನ ಮಹಾಯಾಜಕ ಪದವಿ ಅಧಿಕಾರ, ಹಣದ ವ್ಯವಹಾರವಾದದ್ದು ಬೇರೆಯೇ ಕಥೆ.

ಬಲಿಯನ್ನು ಪ್ರಶ್ನಿಸಿದವರು ಇಸ್ರಾಯೇಲಿನೊಳಗೇ ಇದ್ದರು. ಆಮೋಸ, ಹೋಶೇಯ, ಯೆಶಾಯ, ಮೀಕರು ಬಡವರನ್ನು ತುಳಿದು ಹೋರಿ ಕಡಿಯುವವರ ಹಬ್ಬಗಳನ್ನು ದೇವರು ಮೂಸಿಯೂ ನೋಡುವುದಿಲ್ಲವೆಂದು ಸಾರಿದರು. ಹರಕೆಯ ಕುರಿಯನ್ನು ಕುರಿತ ಬಸವಣ್ಣನವರ ವಚನ ಬಲ್ಲ ಕನ್ನಡಿಗರಿಗೆ ಈ ದನಿಯ ಪರಿಚಯವುಂಟು. ಕೊನೆಗೆ ಬಲಿಯನ್ನು ನಿಲ್ಲಿಸಿದ್ದು ಮಾತ್ರ ಪ್ರವಾದಿಗಳಲ್ಲ, ರೋಮಿನ ಸೈನ್ಯ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ಸುಟ್ಟುಹೋದ ಮೇಲೆ ಯೆಹೂದ್ಯರಿಗೆ ವೇದಿಯೇ ಇಲ್ಲವಾಯಿತು. ಅವರು ಪ್ರಾರ್ಥನೆ, ಅಧ್ಯಯನ, ದಾನಗಳಲ್ಲಿ ಅದರ ಅರ್ಥವನ್ನು ಉಳಿಸಿಕೊಂಡರು.

ಯೇಸುವಿನ ಶಿಷ್ಯಪರಂಪರೆ ಬೇರೆ ದಾರಿ ಹಿಡಿಯಿತು. ‘ಇಬ್ರಿಯರಿಗೆ ಬರೆದ ಪತ್ರಿಕೆ’ಯ ವಾದ ಒಳ್ಳೆಯ ವಕೀಲನ ವಾದದಂತಿದೆ. ಯೇಸು ಯೂದ ಕುಲದವನು, ಯಾಜಕನಾಗುವುದು ಹೇಗೆ? ಆರೋನನಿಗೂ ಮುಂಚೆ, ಅಬ್ರಹಾಮನ ಕಾಲದಲ್ಲೇ ಮೆಲ್ಕಿಜೆದೇಕನೆಂಬ ಯಾಜಕನಿದ್ದನಲ್ಲ, ಅವನ ತರಹ. ವರ್ಷ ವರ್ಷವೂ ಬಲಿ ಕೊಡಬೇಕಾದರೆ ಕೆಲಸ ಮುಗಿದಿಲ್ಲವೆಂದಲ್ಲವೇ? ಈತ ಒಂದೇ ಸಲ, ತನ್ನನ್ನೇ ಕೊಟ್ಟು ಮುಗಿಸಿದ. ಇಲ್ಲಿ ಅರ್ಪಿಸುವವನೂ ಅರ್ಪಣೆಯೂ ಒಬ್ಬನೇ. ಈ ಒಂದು ಮಾತಿನ ಮೇಲೆ ಇಂದಿಗೂ ಕ್ರೈಸ್ತರು ಎರಡಾಗಿದ್ದಾರೆ. ಕನ್ನಡ ಕ್ಯಾಥೋಲಿಕರು ತಮ್ಮ ಆರಾಧನೆಯನ್ನು ‘ಬಲಿಪೂಜೆ’ ಎಂದೇ ಕರೆಯುತ್ತಾರೆ, ನಡೆಸುವವರು ಯಾಜಕರು. ಅದೇ ಒಂದು ಬಲಿ ಪೀಠದ ಮೇಲೆ ಸನ್ನಿಹಿತವಾಗುತ್ತದೆ ಎಂಬುದು ಅವರ ನಂಬಿಕೆ. ಪ್ರಾಟೆಸ್ಟೆಂಟರಲ್ಲಿ ಇರುವುದು ಸಭಾಪಾಲಕರು. ಬಲಿ ಮುಗಿದಿದೆ, ನಂಬಿದವರೆಲ್ಲ ಯಾಜಕರೇ ಎಂಬುದು ಅವರ ನಿಲುವು.

ಕೊಡಗಿನಲ್ಲಿ ಈ ವಿಷಯಕ್ಕೆ ಹಳೆಯ ಬೇರುಗಳಿವೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನ ಚರ್ಚಿನ ಇತಿಹಾಸ 1792ರಿಂದ ಶುರುವಾಗುತ್ತದೆ. ಕಕ್ಕಬೆಯ ಬಳಿಯ ನಾಲ್ಕುನಾಡು ಅರಮನೆಯೂ ಅದೇ ರಾಜನ, ಅದೇ ಕಾಲದ ಕಟ್ಟಡ. 1870ರ ದಶಕದ ಆರಂಭದಲ್ಲಿ ಮಡಿಕೇರಿಯಲ್ಲಿದ್ದ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1872ರಲ್ಲಿ ಯಜ್ಞವನ್ನು ಕುರಿತು ‘ಯಜ್ಞಸುಧಾನಿಧಿ’ ಎಂಬ ಕಿರುಹೊತ್ತಗೆ ತಂದರು. ವೇದದ ಯಜ್ಞವನ್ನು ಕ್ರಿಸ್ತನ ಬಲಿಯ ಎದುರಿಗೆ ಇಟ್ಟು ನೋಡುವ ಪ್ರಯತ್ನ ಅದು. ನಿಘಂಟಿನ ಕಿಟೆಲ್‌ರನ್ನು ಕನ್ನಡಿಗರು ತಲೆಯ ಮೇಲೆ ಹೊತ್ತರು, ಈ ಪುಸ್ತಕವನ್ನು ಮರೆತರು. ಅನ್ಯರ ಯಜ್ಞವನ್ನು ಬರೀ ತನ್ನ ಮನೆಯ ಮೆಟ್ಟಿಲು ಎಂದು ಕಂಡರೆ ಆ ಅನ್ಯರು ಅದನ್ನು ಓದಿ ಒಲಿಯುವುದು ಕಷ್ಟ. ಯೆಹೂದ್ಯರ ಬಲಿಗಳನ್ನು ‘ಬರೀ ನೆರಳು’ ಎಂದು ತಳ್ಳುವ ಬೋಧಕರಿಗೂ ಈ ಮಾತು ಸಲ್ಲುತ್ತದೆ.

ತೆನೆಯ ದಾರಿಯಲ್ಲಿ ಇಷ್ಟು ಜಗಳವಿಲ್ಲ. ಸತ್ತು ಎದ್ದ ಕ್ರಿಸ್ತನನ್ನು ಪೌಲನು ‘ಪ್ರಥಮಫಲ’ ಎಂದು ಕರೆದದ್ದು ಮೊದಲ ಸಿವುಡಿನ ವಿಧಿಯನ್ನು ನೆನೆದೇ. ಮೊದಲ ತೆನೆ ಬಂತೆಂದರೆ ಹಿಂದೆ ಗದ್ದೆಯಿಡೀ ಇದೆ ಎಂದು ಅರ್ಥ. ಕರಾವಳಿಯ ಕ್ಯಾಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಕುಡಿಯುತ್ತಾರೆ.

ಪಕ್ಕದ ಮನೆಯಿಂದ ಬಂದ ಹಬ್ಬದ ಊಟ ದೇವರಿಗೆ ಎಡೆ ಇಟ್ಟದ್ದಾದರೆ ಕ್ರೈಸ್ತನು ತಿನ್ನಬಹುದೇ? ಈ ಪ್ರಶ್ನೆ ಕೊಡಗಿನದಷ್ಟೇ ಅಲ್ಲ, ಕೊರಿಂಥದ ಸಭೆಯಿಂದ ಪೌಲನಿಗೆ ಬಂದದ್ದೂ ಇದೇ. ಅವನು ಒಂದೇ ಮಾತಿನಲ್ಲಿ ಹೌದೆಂದೋ ಅಲ್ಲವೆಂದೋ ಹೇಳಲಿಲ್ಲ. ಗುಡಿಯ ಪಂಕ್ತಿಯಲ್ಲಿ ಪಾಲುಗೊಳ್ಳುವುದು ಬೇಡ ಎಂದ. ಯಾರಾದರೂ ಊಟಕ್ಕೆ ಕರೆದರೆ ಎಲೆಗೆ ಬಡಿಸಿದ್ದನ್ನು ವಿಚಾರಿಸದೆ ಉಣ್ಣಿ, ಅದು ಅರ್ಪಿಸಿದ್ದೆಂದು ಯಾರಾದರೂ ತಿಳಿಸಿದರೆ ಮಾತ್ರ ತಿಳಿಸಿದವನ ಮನಸ್ಸಾಕ್ಷಿಗಾಗಿ ಬಿಡಿ ಎಂದ. ತಿನ್ನುವವನ ಮಡಿಗಿಂತ ಎದುರು ಕೂತವನ ಮನಸ್ಸು ಅವನಿಗೆ ಮುಖ್ಯವಾಗಿತ್ತು.