ಅರ್ಧ ಬೆಲೆಗೆ ಸಿಗುವ ಪನೀರ್ ಕೊಳ್ಳಬಹುದೇ?

ಸೂಪರ್ ಮಾರ್ಕೆಟ್‌ನಲ್ಲಿ ಪನೀರ್ ಪ್ಯಾಕೆಟ್ ಮೇಲೆ ಶೇ 50 ರಿಯಾಯಿತಿಯ ಸ್ಟಿಕ್ಕರ್. ಎಕ್ಸ್‌ಪೈರಿಗೆ ಇನ್ನೆರಡೇ ದಿನ. ‘ಕೆಟ್ಟಿದ್ದನ್ನೇ ಅಗ್ಗಕ್ಕೆ ಕೊಡ್ತಾರೆ’ ಎನ್ನುವವರಿದ್ದಾರೆ. ಈ ಮಾತು ಪೂರ್ತಿ ನಿಜವಲ್ಲ.

ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಂತೆ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ದಿನಾಂಕ ಕಡ್ಡಾಯ. ಅದು ದಾಟಿದ ಆಹಾರವನ್ನು ಮಾರುವಂತಿಲ್ಲ, ನಾವೂ ತಿನ್ನಬಾರದು. ‘ಬೆಸ್ಟ್ ಬಿಫೋರ್’ ಐಚ್ಛಿಕ. ಅದು ರುಚಿ, ಗರಿಗರಿತನದ ಮಾತು. ಆ ದಿನ ಕಳೆದ ಬಿಸ್ಕತ್ತು ಮೆತ್ತಗಾಗಿರಬಹುದು, ವಿಷವಾಗಿರುವುದಿಲ್ಲ.

ಆದರೆ ಪನೀರ್ ಬಿಸ್ಕತ್ತಲ್ಲ. ಅದರ ದಿನಾಂಕ ನಿಂತಿರುವುದೇ ಎರಡು ಷರತ್ತಿನ ಮೇಲೆ: ಪ್ಯಾಕೆಟ್ ಒಡೆದಿರಬಾರದು, ಲೇಬಲ್ ಹೇಳಿದಷ್ಟು ತಂಪಿನಲ್ಲೇ ಇಟ್ಟಿರಬೇಕು. ಅಂಗಡಿಯ ಫ್ರಿಜ್ ಬೆಚ್ಚಗಿದ್ದರೆ, ಪ್ಯಾಕೆಟ್ ಉಬ್ಬಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಬೇಸಿಗೆಯಲ್ಲಿ ಸ್ಕೂಟರ್ ಡಿಕ್ಕಿಯಲ್ಲಿಟ್ಟುಕೊಂಡು ಊರೆಲ್ಲ ಸುತ್ತಿ ಮನೆಗೆ ಬಂದರೆ ಆ ಎರಡು ದಿನದ ಲೆಕ್ಕವೂ ಉಳಿಯುವುದಿಲ್ಲ.

‘ಮೂಸಿ ನೋಡಿದರೆ ಗೊತ್ತಾಗುತ್ತೆ’ ಎಂಬ ನಂಬಿಕೆ ಮಾತ್ರ ಅಪಾಯಕಾರಿ. ಆಹಾರದ ವಾಸನೆ ಕೆಡಿಸುವ ಸೂಕ್ಷ್ಮಜೀವಿಗಳೇ ಬೇರೆ, ಕಾಯಿಲೆ ತರುವವೇ ಬೇರೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ವಾಸನೆಯಿಂದ ಅದನ್ನು ಪತ್ತೆ ಮಾಡಲಾಗದು. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಅದರಿಂದ ಹೆಚ್ಚು ತೊಂದರೆ. ಅಂಥವರಿರುವ ಮನೆಯಲ್ಲಿ ಈ ಪನೀರನ್ನು ಹಸಿಯಾಗಿ ತಿನ್ನದೆ, ಹಬೆಯಾಡುವವರೆಗೆ ಚೆನ್ನಾಗಿ ಬೇಯಿಸಿ.

ಬ್ರೆಡ್ ಕೊಂಡರೆ ದಿನಾಂಕ ಮುಗಿಯುವ ಮೊದಲೇ ಫ್ರೀಜರ್‌ಗೆ ಹಾಕಿ. ಬೂಷ್ಟು ಬಂದಿದ್ದರೆ ಅಷ್ಟನ್ನೇ ಕಿತ್ತು ತಿನ್ನಬೇಡಿ, ಅದರ ಎಳೆಗಳು ಕಣ್ಣಿಗೆ ಕಾಣದೆ ಒಳಗೂ ಹರಡಿರುತ್ತವೆ.

ಪನೀರ್ ಇವತ್ತು ರಾತ್ರಿಯ ಪಲ್ಯಕ್ಕಾದರೆ ಧಾರಾಳವಾಗಿ ಕೊಳ್ಳಿ. ಮುಂದಿನ ಭಾನುವಾರಕ್ಕಾದರೆ ಪೂರ್ತಿ ಬೆಲೆಯ ಪ್ಯಾಕೆಟ್ಟೇ ಅಗ್ಗ.