ಗಂಡ–ಹೆಂಡತಿ ಒಂದೆಡೆ ಇರಲು 29,000 ಪೌಂಡ್

1979ರ ಜನವರಿಯಲ್ಲಿ ಭಾರತದ 35 ವರ್ಷದ ಶಿಕ್ಷಕಿಯೊಬ್ಬರು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಬಂದಿಳಿದರು. ಬ್ರಿಟನ್ನಿನಲ್ಲಿ ನೆಲೆಸಿದ್ದ ವರನನ್ನು ಮದುವೆಯಾಗಲು ಬಂದಿದ್ದೇನೆ ಎಂದು ಹೇಳಿದರು. ಮದುವೆಯಾಗಲೆಂದು ಬರುವ ಹೆಣ್ಣಿಗೆ ಆಗ ಮೊದಲೇ ವೀಸಾ ಪಡೆಯುವ ಅಗತ್ಯವಿರಲಿಲ್ಲ. ಮದುವೆಯಾಗಿ ಬರುವವರಿಗೆ ಅನುಮತಿ ಬೇಕಿತ್ತು. ಅಧಿಕಾರಿಗಳು ಆಕೆಯ ಮಾತನ್ನು ನಂಬಲಿಲ್ಲ. ವೈದ್ಯರನ್ನು ಕರೆಸಿ ಕನ್ಯತ್ವ ಪರೀಕ್ಷೆ ಮಾಡಿಸಿದರು.

‘ಗಾರ್ಡಿಯನ್’ ಪತ್ರಿಕೆ ಫೆಬ್ರವರಿ 1ರಂದು ಇದನ್ನು ಬಯಲಿಗೆಳೆಯಿತು. ಭಾರತ ಪ್ರತಿಭಟಿಸಿತು, ಪರೀಕ್ಷೆ ನಿಂತಿತು. ಆದರೆ ಅದು ಒಂದೇ ಒಂದು ಘಟನೆ ಆಗಿರಲಿಲ್ಲ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಹಳೆಯ ಸರ್ಕಾರಿ ಕಡತಗಳನ್ನು ತೆಗೆದು ನೋಡಿದಾಗ, 1970ರ ದಶಕದ ಕೊನೆಯಲ್ಲಿ ಕನಿಷ್ಠ 80 ಮಹಿಳೆಯರು ಇಂಥ ಪರೀಕ್ಷೆಗೆ ಒಳಗಾಗಿದ್ದು ತಿಳಿದುಬಂತು. ಹೆಚ್ಚಿನವು ನಡೆದದ್ದು ಭಾರತದಲ್ಲೇ, ವೀಸಾ ಕೇಳಲು ಹೋದ ಕಚೇರಿಗಳಲ್ಲೇ.

ಬಾಳಸಂಗಾತಿಯನ್ನು ತನ್ನ ದೇಶಕ್ಕೆ ಕರೆಸಿಕೊಳ್ಳಲು ‘ಸ್ಪಾನ್ಸರ್’ ಮಾಡುವ ವ್ಯವಸ್ಥೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಇದೆ. ಆದರೆ ಪರದೇಶದಿಂದ ಬರುವ ಗಂಡ ಹೆಂಡಿರನ್ನು ಸರ್ಕಾರವೊಂದು ಯಾವ ಯಾವ ರೀತಿಯಲ್ಲಿ ಶಂಕಿಸಬಹುದು ಎಂಬುದಕ್ಕೆ ಬ್ರಿಟನ್ನಿನ ಕಳೆದ ಅರ್ಧ ಶತಮಾನದಷ್ಟು ಸ್ಪಷ್ಟ ದಾಖಲೆ ಬೇರೆಡೆ ಸಿಗುವುದು ಕಷ್ಟ.

1980ರಲ್ಲಿ ಅಲ್ಲಿ ಇನ್ನೊಂದು ನಿಯಮ ಬಂತು. ಬ್ರಿಟನ್ನಿನ ಹೆಣ್ಣನ್ನು ಮದುವೆಯಾದ ವಿದೇಶಿ ಗಂಡ, ತಾನು ಮದುವೆಯಾದದ್ದು ಮುಖ್ಯವಾಗಿ ಬ್ರಿಟನ್ ಸೇರುವುದಕ್ಕಲ್ಲ ಎಂದು ಸಾಬೀತುಪಡಿಸಬೇಕಿತ್ತು. ಮದುವೆ ನಿಜವಾಗಿದ್ದರೂ ಅಷ್ಟು ಸಾಲದು. ಮನಸ್ಸಿನಲ್ಲಿ ಇಲ್ಲದ ಉದ್ದೇಶವನ್ನು ಇಲ್ಲವೆಂದು ತೋರಿಸುವುದು ಹೇಗೆ? ಹಿರಿಯರು ನೋಡಿ ಒಪ್ಪಿಸಿದ ಮದುವೆಗಳಿಗೆ, ಅಂದರೆ ಭಾರತ ಉಪಖಂಡದ ಕುಟುಂಬಗಳಿಗೆ ಇದರ ಪೆಟ್ಟು ಜೋರಾಗಿ ಬಿತ್ತು. ಹೆಂಡತಿಯರಿಗೊಂದು ನಿಯಮ, ಗಂಡಂದಿರಿಗೊಂದು ನಿಯಮ ಇರುವುದು ಲಿಂಗ ತಾರತಮ್ಯ ಎಂದು 1985ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ದಾವೆ ಹೂಡಿದವರು ಬ್ರಿಟನ್ನಿನಲ್ಲಿ ನೆಲೆಸಿದ್ದ ಮೂವರು ಮಹಿಳೆಯರು. ಸರ್ಕಾರ ತೀರ್ಪನ್ನು ಪಾಲಿಸಿದ ಬಗೆ ನೋಡಿ: ಗಂಡಂದಿರಿಗೆ ದಾರಿ ಸುಲಭ ಮಾಡುವ ಬದಲು ಅದೇ ಕಠಿಣ ನಿಯಮವನ್ನು ಹೆಂಡತಿಯರಿಗೂ ಹೇರಿತು. ಆ ನಿಯಮ ರದ್ದಾಗಲು 1997ರ ಜೂನ್ ಬರಬೇಕಾಯಿತು.

ಈಗ ಅಡ್ಡ ನಿಂತಿರುವುದು ಹಣ.

2012ರ ಜುಲೈನಲ್ಲಿ ಬ್ರಿಟನ್ ಆದಾಯದ ಮಿತಿ ತಂದಿತು. ಹೊರದೇಶದ ಸಂಗಾತಿಯನ್ನು ಕರೆಸಿಕೊಳ್ಳುವವರು ವರ್ಷಕ್ಕೆ ಕನಿಷ್ಠ 18,600 ಪೌಂಡ್ ದುಡಿಯುತ್ತಿರಬೇಕು ಎಂದಿತು. 2024ರ ಏಪ್ರಿಲ್ 11ರಿಂದ ಅದು ಒಂದೇ ಏಟಿಗೆ 29,000 ಪೌಂಡ್ ಆಯಿತು. ನಮ್ಮ ಲೆಕ್ಕದಲ್ಲಿ 30 ಲಕ್ಷ ರೂಪಾಯಿ ದಾಟುವ ಮೊತ್ತ. ಮುಂದೆ 38,700ಕ್ಕೆ ಏರಿಸುವ ಯೋಜನೆಯೂ ಇತ್ತು. ಹೊಸ ಸರ್ಕಾರ ಅದನ್ನು ತಡೆಹಿಡಿದು ಸಲಹಾ ಸಮಿತಿಯ ಅಭಿಪ್ರಾಯ ಕೇಳಿತು. ನುರಿತ ಕೆಲಸಗಾರರ ವೀಸಾಕ್ಕೆಂದು ನಿಗದಿಯಾದ ಆ ಮೊತ್ತಕ್ಕೂ ಕುಟುಂಬದ ವೀಸಾಕ್ಕೂ ಸಂಬಂಧವಿಲ್ಲ ಎಂದು ಸಮಿತಿ 2025ರ ಜೂನ್‌ನಲ್ಲಿ ಹೇಳಿತು.

29,000 ಪೌಂಡ್ ಎಷ್ಟು ದೊಡ್ಡದು ಎಂದು ಅಲ್ಲಿನ ಕೂಲಿಯಿಂದಲೇ ಅಳೆಯಬಹುದು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಯಿತು. ಆ ದರದಲ್ಲಿ ವಾರಕ್ಕೆ 37.5 ಗಂಟೆಯಂತೆ ವರ್ಷವಿಡೀ ದುಡಿದರೂ 24,000 ಪೌಂಡ್ ಮುಟ್ಟುವುದಿಲ್ಲ. ಅಂಗಡಿಯಲ್ಲೋ ಗೋದಾಮಿನಲ್ಲೋ ಹಗಲಿಡೀ ನಿಂತು ದುಡಿಯುವ ಬ್ರಿಟಿಷ್ ಪ್ರಜೆಗೆ, ಸರ್ಕಾರವೇ ಗೊತ್ತು ಮಾಡಿದ ಕೂಲಿಯಲ್ಲಿ, ತನ್ನ ಹೆಂಡತಿಯನ್ನು ಕರೆತರುವ ಹಕ್ಕಿಲ್ಲ. ಪುಟ್ಟ ಮಗುವಿರುವ ಕಾರಣ ಅರ್ಧ ದಿನ ಮಾತ್ರ ಕೆಲಸ ಮಾಡುವ ತಾಯಿಗೆ ತನ್ನ ಗಂಡನನ್ನು ಕರೆಸಿಕೊಳ್ಳುವುದು ಇನ್ನೂ ದೂರದ ಮಾತು. ಬರಲಿರುವ ಸಂಗಾತಿ ಬೆಂಗಳೂರಿನಲ್ಲಿ ಎಷ್ಟೇ ಸಂಬಳ ಪಡೆಯುತ್ತಿರಲಿ, ಹೊರಗಿನಿಂದ ಅರ್ಜಿ ಹಾಕುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ಆದಾಯ ಸಾಲದಿದ್ದರೆ ಉಳಿತಾಯ ತೋರಿಸಬಹುದು. ಬರಿಯ ಉಳಿತಾಯದ ಮೇಲೆಯೇ ಅರ್ಜಿ ನಿಲ್ಲಬೇಕಾದರೆ 88,500 ಪೌಂಡ್ ಆರು ತಿಂಗಳು ಖಾತೆಯಲ್ಲಿರಬೇಕು. ‘ಖರ್ಚು ನಾವು ನೋಡಿಕೊಳ್ಳುತ್ತೇವೆ’ ಎಂದು ಬೀಗರು ಬರೆದುಕೊಡುವ ಪತ್ರ ಸಾಮಾನ್ಯವಾಗಿ ನಡೆಯುವುದಿಲ್ಲ.

ಇದರ ಭಾರ ಹೊತ್ತವರಲ್ಲಿ ಮಕ್ಕಳೂ ಇದ್ದಾರೆ. ಇಂಗ್ಲೆಂಡಿನ ಮಕ್ಕಳ ಆಯುಕ್ತರ ಕಚೇರಿಗಾಗಿ 2015ರಲ್ಲಿ ಸಿದ್ಧವಾದ ವರದಿ, ಅಪ್ಪನನ್ನೋ ಅಮ್ಮನನ್ನೋ ಕಂಪ್ಯೂಟರ್ ಪರದೆಯಲ್ಲಷ್ಟೇ ನೋಡುತ್ತ ಬೆಳೆಯುತ್ತಿರುವ ಮಕ್ಕಳ ಪಾಡನ್ನು ಮುಂದಿಟ್ಟಿತು. ಇಂಥ ಮನೆಗಳಿಗೆ ‘ಸ್ಕೈಪ್ ಕುಟುಂಬಗಳು’ ಎಂಬ ಹೆಸರೇ ಬಿದ್ದಿತು. ಆದಾಯದ ಮಿತಿ ಕಾನೂನಿಗೆ ವಿರುದ್ಧವಲ್ಲ, ಆದರೆ ಮಕ್ಕಳ ಹಿತವನ್ನು ಸರಿಯಾಗಿ ಗಮನಿಸಿಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2017ರ ಫೆಬ್ರವರಿಯಲ್ಲಿ ಹೇಳಿತು. ನಿಯಮಕ್ಕೆ ಕೆಲವು ವಿನಾಯಿತಿಗಳು ಸೇರಿದವು, ಮಿತಿ ಉಳಿಯಿತು.

ಕೆಲವರು ಸುತ್ತುದಾರಿ ಹಿಡಿದರು. ಆ ದಾರಿಗೆ ಹೆಸರು ಕೊಟ್ಟದ್ದು ಭಾರತೀಯರೊಬ್ಬರ ಮೊಕದ್ದಮೆ. ಸುರಿಂದರ್ ಸಿಂಗ್ 1982ರಲ್ಲಿ ಬ್ರಿಟಿಷ್ ಪ್ರಜೆಯನ್ನು ಮದುವೆಯಾಗಿ, ಇಬ್ಬರೂ ಜರ್ಮನಿಯಲ್ಲಿ ಎರಡು ವರ್ಷ ದುಡಿದು ಬ್ರಿಟನ್ನಿಗೆ ಮರಳಿದ್ದರು. ಯುರೋಪಿನ ಇನ್ನೊಂದು ಸದಸ್ಯ ದೇಶದಲ್ಲಿ ದುಡಿದು ತವರಿಗೆ ಮರಳುವ ಪ್ರಜೆಯ ಸಂಗಾತಿಗೆ ಯುರೋಪಿನ ಕಾನೂನಿನ ರಕ್ಷಣೆ ಇದೆ ಎಂದು 1992ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಮಾನಿಸಿತು. ಅಂದಿನಿಂದ ಎಷ್ಟೋ ಬ್ರಿಟಿಷರು ಐರ್ಲೆಂಡಿನಂಥ ದೇಶಕ್ಕೆ ಹೋಗಿ ಕೆಲಕಾಲ ದುಡಿದು, ಸಂಗಾತಿಯೊಡನೆ ಊರಿಗೆ ಮರಳಿದರು. ಬ್ರೆಕ್ಸಿಟ್ ಆದ ಮೇಲೆ ಆ ಬಾಗಿಲೂ ಮುಚ್ಚಿತು.

ನಕಲಿ ಮದುವೆಗಳು ಇಲ್ಲವೇ? ಇವೆ. ಅವನ್ನು ತಡೆಯುವುದು ಯಾವ ಸರ್ಕಾರಕ್ಕಾದರೂ ಸಹಜ. ಆದರೆ ಮದುವೆ ನಿಜವೋ ಸುಳ್ಳೋ ಎಂಬುದನ್ನು ಆದಾಯದ ಮಿತಿ ಪತ್ತೆ ಮಾಡುವುದಿಲ್ಲ. ಅದು ಪತ್ತೆ ಮಾಡುವುದು ಬಡತನವನ್ನು ಮಾತ್ರ. ಸಿರಿವಂತನ ಸುಳ್ಳು ಮದುವೆ ಈ ಜರಡಿಯಲ್ಲಿ ಇಳಿದು ಹೋಗುತ್ತದೆ, ಬಡವನ ನಿಜವಾದ ಸಂಸಾರ ಸಿಕ್ಕಿಕೊಳ್ಳುತ್ತದೆ.

ಆದಾಯ ಸರಿಯಿದ್ದವರಿಗೂ ಖರ್ಚು ಕಡಿಮೆಯಿಲ್ಲ. 2025ರ ಏಪ್ರಿಲ್‌ನ ದರದಲ್ಲಿ ಅರ್ಜಿಗೆ 1,938 ಪೌಂಡ್, ಆರೋಗ್ಯ ಶುಲ್ಕ 3,105 ಪೌಂಡ್. ಇಷ್ಟು ಕೊಟ್ಟರೆ ಸಿಗುವುದು 33 ತಿಂಗಳ ವೀಸಾ. ಅದು ಮುಗಿದಾಗ ಮತ್ತೆ ಅರ್ಜಿ, ಮತ್ತೆ ಶುಲ್ಕ. ಖಾಯಂ ನೆಲೆಯ ಅರ್ಜಿ ಸಾಧ್ಯವಾಗುವುದು ಐದು ವರ್ಷ ಕಳೆದ ಮೇಲೆ. ಅಲ್ಲಿಯ ತನಕ ಸರ್ಕಾರದ ಹೆಚ್ಚಿನ ನೆರವಿನ ಯೋಜನೆಗಳು ಹೀಗೆ ಬಂದ ಹೆಂಡತಿಗೆ ಸಿಗುವುದಿಲ್ಲ, ವೀಸಾ ಗಂಡನ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಹೊಡೆಯುವ ಗಂಡನಿಗೆ ಇದೇ ಆಯುಧ: ‘ಬಾಯಿ ಬಿಟ್ಟರೆ ವಾಪಸ್ ಕಳಿಸುತ್ತೇನೆ’. ಆ ಬೆದರಿಕೆ ಪೂರ್ತಿ ನಿಜವಲ್ಲ. ಕೌಟುಂಬಿಕ ದೌರ್ಜನ್ಯದಿಂದ ಸಂಸಾರ ಮುರಿದರೆ, ಸಂಗಾತಿಯಾಗಿ ಬಂದಾಕೆ ಗಂಡನ ನೆರವಿಲ್ಲದೆ ಸ್ವಂತ ಹೆಸರಿನಲ್ಲೇ ಖಾಯಂ ನೆಲೆಗೆ ಅರ್ಜಿ ಹಾಕಲು ಬ್ರಿಟನ್ನಿನ ನಿಯಮದಲ್ಲಿ ಅವಕಾಶವಿದೆ. ಮಗಳನ್ನು ವಿಮಾನ ಹತ್ತಿಸುವ ಪ್ರತಿ ತಂದೆತಾಯಿಗೂ ಇದು ಗೊತ್ತಿರಬೇಕು.

ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಜೊತೆಯಾಗಿ ಬಾಳುತ್ತಿದ್ದರೂ ಬ್ರಿಟನ್ ಅವರನ್ನು ದಂಪತಿಯೆಂದು ಒಪ್ಪುತ್ತದೆ. ಭಾರತದಲ್ಲಿ ಅಂಥ ಮದುವೆಗೆ ಮಾನ್ಯತೆಯಿಲ್ಲ ಎಂಬುದನ್ನು 2023ರ ಅಕ್ಟೋಬರ್‌ನ ಸುಪ್ರೀಂ ಕೋರ್ಟ್ ತೀರ್ಪು ಖಚಿತಪಡಿಸಿತು. ಹಾಗಾಗಿ ಇಲ್ಲಿಂದ ಹೋಗುವ ಜೋಡಿ, ಮದುವೆಯಂಥದೇ ಸಂಬಂಧ ಕನಿಷ್ಠ ಎರಡು ವರ್ಷದಿಂದ ಇದೆ ಎಂಬುದಕ್ಕೆ ಬೇರೆ ಪುರಾವೆ ಕೂಡಿಸಬೇಕು.

ಕರ್ನಾಟಕದ ಕುಟುಂಬಗಳು ತಿಳಿದಿರಬೇಕಾದ್ದು ಇನ್ನೂ ಒಂದಿದೆ. ಕೆಲಸದ ವೀಸಾದಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್ ಅಥವಾ ನರ್ಸ್ ಹೆಂಡತಿಯನ್ನೋ ಗಂಡನನ್ನೋ ಕರೆದೊಯ್ಯುವುದು ‘ಅವಲಂಬಿತ’ರ ದಾರಿಯಲ್ಲಿ. 29,000 ಪೌಂಡಿನ ಮಿತಿ ಅವರಿಗಲ್ಲ. ಆದರೆ 2024ರ ಜನವರಿಯಿಂದ ಸಂಶೋಧನಾ ಕೋರ್ಸುಗಳಂಥ ಕೆಲವನ್ನು ಬಿಟ್ಟರೆ ವಿದ್ಯಾರ್ಥಿಗಳು ಸಂಗಾತಿಯನ್ನು ಕರೆದೊಯ್ಯುವಂತಿಲ್ಲ. ಆರೈಕೆ ಕೆಲಸದವರಿಗೂ ಅದೇ ವರ್ಷದ ಮಾರ್ಚ್ 11ರಿಂದ ಈ ಬಾಗಿಲು ಮುಚ್ಚಿದೆ. ‘ಹುಡುಗ ಲಂಡನ್ನಿನಲ್ಲಿದ್ದಾನೆ’ ಎಂಬ ಒಂದೇ ಮಾತಿನ ಹಿಂದೆ ಇಷ್ಟೆಲ್ಲ ಬೇರೆ ಬೇರೆ ಪರಿಸ್ಥಿತಿಗಳಿರಬಹುದು.

ಆದ್ದರಿಂದ ಜಾತಕ, ಸಂಬಳ ವಿಚಾರಿಸುವಾಗಲೇ ಹುಡುಗನದೋ ಹುಡುಗಿಯದೋ ವೀಸಾ ಯಾವುದು, ಅದರಲ್ಲಿ ಸಂಗಾತಿಗೆ ಅವಕಾಶ ಇದೆಯೇ ಎಂದು ಕೇಳಿ, ಕಾಗದ ತೋರಿಸಲು ಹೇಳಿ. ವಿಡಿಯೊ ಕಾಲ್‌ನಲ್ಲೇ ಎಲ್ಲ ಮುಗಿಸಬೇಡಿ; ಇಬ್ಬರೂ ಮುಖತಃ ಭೇಟಿಯಾಗಿರಲೇಬೇಕು ಎಂಬುದು ಬ್ರಿಟನ್ನಿನ ಷರತ್ತು. ಮದುವೆಯಾದ ಕೂಡಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಲಗ್ನಪತ್ರಿಕೆ, ಫೋಟೊ, ಪ್ರಯಾಣದ ಟಿಕೆಟ್ಟು ಜೋಪಾನವಾಗಿಡಿ. ಹೊರಡುವ ಮುನ್ನ ಮಗಳ ಪಾಸ್‌ಪೋರ್ಟ್, ವೀಸಾ, ವಿವಾಹ ಪ್ರಮಾಣಪತ್ರಗಳ ಒಂದೊಂದು ಪ್ರತಿಯನ್ನು ತವರುಮನೆಯಲ್ಲೂ ಇಟ್ಟುಕೊಳ್ಳಿ.